ಜಂಟಿ ಖಾತೆ

ಮೂರು ಆ್ಯಪು ಹಾಕಿಕೊಟ್ಟ ಅಂಗಡಿಯ ಹುಡುಗ ತಿಪ್ಪೇಶ.
ಒಂದು ಜೀವನಪೂರ್ತಿ ಬಿಟ್ಟಿ, ಇನ್ನೆರಡು ತಿಂಗಳ ಮಟ್ಟಿಗೆ.
'ಕೇಳಿ ನೋಡಿ ರುದ್ರಣ್ಣ, ಹಿಡಿಸಿದ್ದು ಇಟ್ಕೊಳ್ಳಿ,
ಉಳಿದಿದ್ದು ಕಿತ್ತಾಕಿ. ಮರೆತ್ರೆ ದುಡ್ಡು ಕಟ್ಟಾಗುತ್ತೆ.'

ನಾನು ಬಳೇಪೇಟೆಯಲ್ಲಿ ಹಾರ್ಮೋನಿಯಂ ಬಿಚ್ಚುವವನು.
ಹಿತ್ತಾಳೆ ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ,
ಬುಡ ಕೆರೆದರೆ ಇಳಿಯುತ್ತದೆ.
ಮೂವತ್ತೊಂದು ವರ್ಷಕ್ಕೆ ಇಷ್ಟೇ ನನ್ನ ವಿದ್ಯೆ.
ಇದು ಸಾಲದೆಂದು ಮೊದಲ ಪರದೆಯಲ್ಲೇ ಗೊತ್ತಾಯಿತು:
'ನಿಮಗಿಷ್ಟವಾದ ಮೂವರನ್ನು ಒತ್ತಿ.'
ಗುಂಡುಗುಂಡು ಮುಖಗಳು. ಸುಮ್ಮನೆ ಮೂರು ಒತ್ತಿದೆ,
ಮದುವೆಮನೆಯಲ್ಲಿ ಗುರುತಿಲ್ಲದವರಿಗೆ
ಕೈಮುಗಿದ ಹಾಗೆ.
ಇವತ್ತಿಗೂ ಬೆನ್ನು ಬಿಟ್ಟಿಲ್ಲ ಅವರು.

ಬಿಟ್ಟಿಯದು ಬಲು ಧಾರಾಳಿ, ಏನು ಕೇಳಿದರೂ ಇದೆ.
ಆದರೆ ತೋಡಿಯ ಗಾಂಧಾರ ನಡುಗುತ್ತಿರುವಾಗ
ನುಗ್ಗಿದಳೊಬ್ಬಳು: ಸರ್ಜಾಪುರದಲ್ಲಿ ಎರಡು ಬೆಡ್‌ರೂಮು,
ಇವತ್ತೇ ಬುಕ್ ಮಾಡಿ!
ಆ ಗಾಂಧಾರ ಇನ್ನೂ ಅಲ್ಲೇ ನೇತಾಡುತ್ತಿದೆ.

ಎರಡನೆಯದು ಮಡಿಯದು. ಒಂದೆಳೆ ಸದ್ದೂ ಸೋರದಂತೆ,
ತಂಬೂರಿಯ ಜೀವಾಳದ ನೂಲೂ ಕೇಳಿಸುತ್ತದಂತೆ.
ವಿಕ್ಟೋರಿಯಾ ಆಸ್ಪತ್ರೆಯ ಡಾಕ್ಟರಮ್ಮ ಹೋದ ವರ್ಷವೇ
ಗೆರೆ ಎಳೆದು ತೋರಿಸಿದ್ದರು,
ನನ್ನ ಕಿವಿ ಎಲ್ಲಿಗೆ ನಿಲ್ಲುತ್ತದೆಂದು.
ಹತ್ತಲಾಗದ ಮೇಲಿನ ಮಹಡಿಗೆ
ಬಾಡಿಗೆ ಕಟ್ಟುವುದು ಯಾಕೆ?

ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದರೆ
ಸಂಪಿಗೆ ರಸ್ತೆವರೆಗೆ ಹಾಡು ಗಾಳಿಯಲ್ಲಿ.
ಆಮೇಲೆ ರೈಲು ನೆಲದೊಳಕ್ಕೆ ತಲೆ ಹಾಕುತ್ತದೆ,
ಚರಣ ಅಲ್ಲೇ ಗಿರಗಿರ ಸುತ್ತುತ್ತ ನಿಂತು
ಚಿಕ್ಕಪೇಟೆಯ ಮೆಟ್ಟಿಲ ತುದಿಯಲ್ಲಿ
ಬಿಸಿಲಿನ ಜೊತೆ ಮತ್ತೆ ಶುರುವಾಗುತ್ತದೆ.
ಮೂರನೆಯದು ಬುತ್ತಿ ಕಟ್ಟಿಕೊಡುತ್ತದೆ, ನೆಲದಡಿಗೂ ಉಣ್ಣಬಹುದು.
ಅದೇ ಸರಿ ಅಂದುಕೊಂಡೆ. ಬೆಲೆ ನೋಡಿ
ದಸ್ತಗೀರನ ಮುಖ ನೋಡಿದೆ.

ಪಕ್ಕದ ಮಳಿಗೆ, ತಬಲಕ್ಕೆ ಕರಣೆ ಹಾಕಿ ಕಲ್ಲಿನಲ್ಲಿ ತಿಕ್ಕುವವನು.
ನನ್ನ ರೀಡಿಗೂ ಅವನ ಕಲ್ಲಿಗೂ ನಡುವೆ ಒಂದೇ ಗೋಡೆ.
'ಅರ್ಧರ್ಧ' ಅಂದ.

ಈಗ ಆ ಯಂತ್ರಕ್ಕೆ ನಾವಿಬ್ಬರೂ ಸೇರಿ ಒಬ್ಬ ಮನುಷ್ಯ.
ಬೆಳಿಗ್ಗೆ ನಾದಸ್ವರ, ಶುಕ್ರವಾರ ನಾತ್,
ಸಂಜೆ ಅವನ ಮಗಳು ಹಾಕುವ ಕೊರಿಯಾದ ಕುಣಿತ.
'ನಿಮಗಾಗಿಯೇ' ಎಂದು ಅದು ಹೊಂದಿಸುವ ಪಟ್ಟಿ
ಅವೆನ್ಯೂ ರಸ್ತೆಯ ಹಾಗೆ,
ಯಾರೂ ಯಾರಿಗೂ ದಾರಿ ಬಿಡುವುದಿಲ್ಲ.
ನನಗೆ ಹಿಡಿಸಿದ್ದು ಎಷ್ಟೋ ಸಲ
ಅವನಿಗೆಂದು ಬಂದದ್ದು.

ಒಂದೇ ಷರತ್ತು, ಒಮ್ಮೆಗೆ ಒಬ್ಬರು.
ಅವನು ಒತ್ತಿದರೆ ನನ್ನದು ಬಾಯಿ ಮುಚ್ಚುತ್ತದೆ.
ಮೊದಮೊದಲು ಗೋಡೆ ಗುದ್ದುತ್ತಿದ್ದೆ:
'ಪಲ್ಲವಿನಾದ್ರೂ ಮುಗಿಸೋಕೆ ಬಿಡಪ್ಪ!'

ಆಷಾಢದಲ್ಲಿ ಶಮೀಮಳನ್ನು ಕಿದ್ವಾಯಿಗೆ ಸೇರಿಸಿದರು.
ಎಷ್ಟು ಮುಂದುವರಿದಿದೆ, ಅವನು ಹೇಳಲಿಲ್ಲ,
ಹೆಂಡತಿಯ ವಿಷಯ, ನಾನು ಕೇಳಲಿಲ್ಲ.
ರಾತ್ರಿ ಎರಡೂಕಾಲಿಗೆ, ನಿದ್ದೆ ಬಾರದೆ ಹಚ್ಚಿದ ಭೈರವಿ
ಅರ್ಧಕ್ಕೆ ನಿಂತಿತು.
'ಇನ್ನೊಂದು ಫೋನಿನಲ್ಲಿ ಕೇಳುತ್ತಿದ್ದಾರೆ. ಇಲ್ಲಿ ಕೇಳಬೇಕೆ?'
ಬೆರಳು ಹೋಯಿತು. ಕೆಳಗೆ ಸಣ್ಣಕ್ಷರದಲ್ಲಿತ್ತು
ಅವನು ಹಚ್ಚಿದ್ದೇನೆಂದು:
ಮಳೆಯ ಸದ್ದು, ಎಂಟು ಗಂಟೆ.

ಹಾಡಲ್ಲ. ಬರೀ ಮಳೆ.
ಅವಳ ಕಣ್ಣಿಗೆ ನಿದ್ದೆ ಹತ್ತಲೆಂದು
ದಿಂಬಿನ ಪಕ್ಕ ಇಟ್ಟಿರಬೇಕು.
ನಾನು ಸದ್ದಿಲ್ಲದೆ ಆ ಗೆರೆ ಕೂದಲೆಳೆಯಷ್ಟೇ
ಸರಿಯುವುದನ್ನು ನೋಡುತ್ತ ಕೂತೆ.
ಹೀಗೆ ಹತ್ತೊಂಬತ್ತು ರಾತ್ರಿ.
ಯಂತ್ರ ಈಗ ನನಗೂ ಮಳೆ ಸೂಚಿಸುತ್ತದೆ.

'ಇಬ್ಬರಿಗೆಂದೇ ಹೊಸ ಯೋಜನೆ, ಅಡ್ಡಿಯಿಲ್ಲದೆ ಆಲಿಸಿ.'
'ಐವತ್ತೇ ರೂಪಾಯಿ ಜಾಸ್ತಿ' ಅಂದ ತಿಪ್ಪೇಶ.
ಬೇಡ ಅಂದೆ. ಜುಗ್ಗ ಅಂದುಕೊಂಡಿರಬೇಕು.

ನಿನ್ನೆ ರಾತ್ರಿ ಭೈರವಿ ಕೊನೆತನಕ ಹೋಯಿತು.
ಆಮೇಲಿನದೂ. ಅದರಾಚೆಯದೂ.
ಯಾರೂ ನಿಲ್ಲಿಸಲಿಲ್ಲ.
ಎದ್ದು ದೀಪ ಹಾಕಿ ಕೂತೆ.

ಬೆಳಿಗ್ಗೆ ರೀಡು ಕೈಯಲ್ಲಿ ಹಿಡಿದು ಕೆರೆಯದೆ ಕಾದೆ.
ಹತ್ತೂಮುಕ್ಕಾಲಿಗೆ ಪಕ್ಕದ ಶಟರು ಎದ್ದಿತು.
ಒಂದು ಕೆಮ್ಮು.
ಬಹಳ ಹೊತ್ತಾದ ಮೇಲೆ
ಕಲ್ಲು.