ನಾಲ್ಕನೇ ನಂಬರು

ರಿಪೋರ್ಟು ಬರೆಯುವುದು ಇಂಗ್ಲಿಷಿನಲ್ಲಿ,
ಟೆಕ್ನಿಶಿಯನ್ ಜೊತೆ ಮರಾಠಿ,
ಕಸ್ತೂರಬಾಯಿ ಬಿರಾಜದಾರ ಎದುರು ಕೂತಾಗ ಮಾತ್ರ
ಅಕ್ಕಲಕೋಟೆಯ ನನ್ನ ಆಯಿಯ ಕನ್ನಡ ಹುಡುಕಬೇಕು.
ಅದರಲ್ಲಿ ಹಾಲಿದೆ, ಕೂಸಿದೆ,
ಎದಿ ಬಿಗಿದರೆ ಕಟ್ಟುವ ಮಲ್ಲಿಗೆಯಿದೆ.
ಈ ಫಿಲ್ಮಿಗೆ ಒಂದು ಶಬ್ದವಿಲ್ಲ.

"ನಾಲ್ಕು ಬಂದದ," ಅಂದೆ.
"ನಾಲ್ಕಂದ್ರ ಪಾಸೋ, ನಪಾಸೋ?"
"ಸ್ವಲ್ಪ ಸಂಶಯ ಅದ, ಅಕ್ಕಾ."

ಸೆರಗು ಎಳೆದುಕೊಂಡಳು.
"ಇಪ್ಪತ್ತು ವರ್ಷ ಅವ ಮಾಡಿದ್ದು ಸಾಲದೇನ್ರಿ,
ಈಗ ನಿಮ್ಮ ಮಿಷನ್ನೂ ಸಂಶಯ ಮಾಡ್ತದ?"

ಎಸಿ ಗುಂಯ್ ಎನ್ನುತ್ತಿತ್ತು.
ಹೊರಗೆ ಹದಿನೇಳನೇ ನಂಬರು ಕೆಮ್ಮಿತು.
ಆಡಿದ ಶಬ್ದ ವಾಪಸು ತಗೊಳ್ಳುವುದು ಹೇಗೋ
ಯಾರೂ ಕಲಿಸಿಲ್ಲ.
ಪರದೆಯನ್ನು ಆಕೆಯ ಕಡೆ ತಿರುಗಿಸಿದೆ.

ಕಪ್ಪಿನೊಳಗೆ ಬಿಳಿ. ಅಂಚು ಸರಿಯಿಲ್ಲ.
ಬೆರಳಿಟ್ಟಳು,
ಸೊಲ್ಲಾಪುರದ ಟಾವೆಲ್ ಮಗ್ಗದಲ್ಲಿ
ಎಳೆ ಹರಿದ ಕಡೆ ಸರಕ್ಕನೆ ಹೋಗುವ ಬೆರಳು.
"ಗಂಟು."
"ಹೌದು. ಎಂಥಾ ಗಂಟು, ನನಗ ಗೊತ್ತಿಲ್ಲ.
ಸೂಜಿ ಹಾಕಿ ಒಂದೀಟ ತಗದು ನೋಡಬೇಕು."
"ನಿಮಗೂ ಗೊತ್ತಿಲ್ಲ?"
"ನನಗೂ."
ಅದಕ್ಕೇ ಏನೋ,
ಮೊದಲ ಸಲ ನನ್ನ ಮುಖ ನೋಡಿದಳು.

ಹೊರಗೆ ಮಗ ಕೂತಿದ್ದ. ಅವನಿಗೆ ಹೇಳಲೇ ಎಂದೆ.
"ಎದಿ ನಂದು. ಮೊದಲ ನಾ ತಿಳಕೋತೀನಿ."
ಮೂರು ಸಲ ಹೇಳಿಸಿದಳು:
ಗುರುವಾರ, ಸೂಜಿ, ಉಪವಾಸ ಬ್ಯಾಡ.
ನಾನು ಟೈಪು ಮಾಡಿದೆ.
ಆ ಶಬ್ದ ರಿಪೋರ್ಟಿನಲ್ಲಿ ಹಾಗೇ ಇದೆ, ಇಂಗ್ಲಿಷಿನಲ್ಲಿ;
ಅಲ್ಲಿ ಅದಕ್ಕೆ ಗಂಡನಿಲ್ಲ.

ಬಾಗಿಲ ತನಕ ಹೋದವಳು ನಿಂತಳು.
"ಗುರುವಾರ ಪಗಾರ ಕೊಡ್ತಾರ್ರಿ.
ಶುಕ್ರವಾರ ಬರ್ಲಿ?"