ಸಾಲದ ಉದ್ದೇಶ

ಸಂಘದ ಪುಸ್ತಕ ಬರೆಯುವವಳು ನಾನು.
ಏಳನೇ ಕ್ಲಾಸಿನ ಅಕ್ಷರ, ಆದರೂ ದುಂಡಗಿದೆ ಅಂತ
ಹದಿನಾಲ್ಕು ಹೆಂಗಸರು ಸೇರಿ ಪೆನ್ನು ಕೊಟ್ಟರು.
ಸಾಲದ ಫಾರಂನಲ್ಲಿ ಐದನೇ ಕಾಲಂ: ಉದ್ದೇಶ.
ಹಸು, ಕೋಳಿ, ಹಪ್ಪಳ, ಹೂವಿನ ವ್ಯಾಪಾರ,
ಹೊಲಿಗೆ ಯಂತ್ರ.
ಹೆಣ್ಣಿಗೆ ಬೇಕಾದದ್ದು ಇಷ್ಟರೊಳಗೇ ಇರಬೇಕು.

ನಾಗವೇಣಿ ಬಂದಿದ್ದು ಸಭೆ ಮುಗಿದ ಮೇಲೆ,
ಚಾಪೆ ಸುತ್ತುವ ಹೊತ್ತಿಗೆ.
ಗಾರ್ಮೆಂಟ್ಸಿನ ಕಾರ್ಡು ಇನ್ನೂ ಕೊರಳಲ್ಲಿತ್ತು.
"ಇಪ್ಪತ್ತು ಸಾವಿರ ಬೇಕಿತ್ತು."
ಯಾತಕ್ಕೆ ಅಂತ ನಾನು ಕೇಳಲಿಲ್ಲ.
ಆಲ್ಕೊಳದ ತಿರುವಿನ ಗೋಡೆಯಲ್ಲಿ
ಅವಳ ಗಂಡ ಬರೆದದ್ದು ದಿನಾ ಕಾಣುತ್ತದೆ:
ಪಂಕ್ಚರ್.
ಅಲ್ಲಿ ಕೈ ನಡುಗಿದೆ.
ಚ ಒತ್ತು ಜಾರಿ, ಗೋಡೆ ಇಳಿದು
ಚರಂಡಿಯವರೆಗೂ ಹೋಗಿದೆ.

ತಾನೇ ಹೇಳಿದಳು.
ಮೊದಲು ಸಾಗರದ ಕಡೆ ಯಾರದೋ ಬೇರಿನ ಔಷಧಿ,
ಸಾವಿರದೈನೂರು. ಮೂರು ದಿನ ವಾಂತಿ,
ನಾಲ್ಕನೇ ದಿನ ಕ್ವಾರ್ಟರ್.
ಆಮೇಲೆ ಕರ್ಪೂರ ಮುಟ್ಟಿ ಆಣೆ.
"ಆಣೆಗೆ ದುಡ್ಡಿಲ್ಲ ಅಕ್ಕಾ, ಅದಕ್ಕೇ ಎರಡು ಸಲ ಮಾಡಿಸಿದೆ."
ಮೆಗ್ಗಾನಿನಲ್ಲಿ ಚೀಟಿ, ಕ್ಯೂ, ಕೊನೆಗೊಬ್ಬರು ಡಾಕ್ಟರಮ್ಮ
"ಇದು ಕಾಯಿಲೆ, ಕೊಬ್ಬಲ್ಲ" ಅಂದರಂತೆ.
ಆ ಒಂದು ಮಾತನ್ನು ಸಿಟಿ ಬಸ್ಸಿನಲ್ಲಿ
ಮೊಟ್ಟೆಯ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದಳಂತೆ.
ಗುಳಿಗೆಗಳನ್ನು ಅವನು ಬಚ್ಚಲಿಗೆ ಸುರಿದ.

ಫೋನಿನಲ್ಲಿ ಸಿಕ್ಕವರು ಬೇರೆ:
ರಾತ್ರಿ ವ್ಯಾನ್ ತರ್ತೀವಿ, ಕಟ್ಟಿ ಒಯ್ತೀವಿ,
ನಲವತ್ತು ಸಾವಿರ, ಮೂರು ತಿಂಗಳು ಮುಖ ತೋರಿಸಲ್ಲ.
ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟಳಂತೆ
ಅವರು ಅದರೊಳಗಿಂದ ಎದ್ದು ಬಂದಾರೇನೋ ಅನ್ನುವ ಹಾಗೆ.

ಕೊನೆಗೆ ಗೋಪಾಳದಾಚೆ ಒಂದು ಜಾಗ.
ಮೂವತ್ತು ದಿನ, ಹದಿನೆಂಟು ಸಾವಿರ, ರಕ್ತ ಪರೀಕ್ಷೆ ಬೇರೆ.
ಎರಡು ಲುಂಗಿ, ಒಂದು ಬ್ರಷ್ಷು ತರಬೇಕು,
ಬೆಲ್ಟು ಬೇಡ. ಭಾನುವಾರ ನೋಡಬಹುದು.
"ಬಾಗಿಲಿಗೆ ಒಳಗಡೆಯಿಂದಲೂ ಚಿಲಕ ಇದೆ ಅಕ್ಕಾ,
ನಾನೇ ಹಾಕಿ ತೆಗೆದು ನೋಡಿದೆ."

ಐದನೇ ಕಾಲಂ ಮೇಲೆ ಪೆನ್ನು ನಿಂತಿತು.
ಕೋಳಿ ಅಂತ ಬರೆದರೆ ಕೋಳಿ ತೋರಿಸಬೇಕು.
ಹೊಲಿಗೆ ಯಂತ್ರ ಅಂತ ಬರೆದೆ.
ಹನ್ನೊಂದು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳಲ್ಲ.
ಇಷ್ಟು ದುಂಡಗೆ ಬರೆದದ್ದು ಇದೇ ಮೊದಲು.

ಆರನೇ ಕಂತಿಗೆ ಬ್ಯಾಂಕಿನ ಹುಡುಗ ಬಂದ.
"ಮಿಷನ್ ಎಲ್ಲಿ? ಫೋಟೊ ಹಾಕಬೇಕು."
"ನೀರು ಕುಡೀರಿ ಸಾರ್, ಮಜ್ಜಿಗೆ ಕುಡೀರಿ" ಅಂತ
ನಾನು ಜಗಲಿಯಲ್ಲಿ ಕೂರಿಸಿಕೊಂಡೆ.
ಹಿಂದಿನ ಓಣಿಯಿಂದ ಜುಬೇದಾಳ ಮಿಷನ್ನು
ನಾಲ್ಕು ಹೆಂಗಸರ ಕೈಮೇಲೆ,
ಅರ್ಧ ಹೊಲಿದ ಲಂಗದ ಸಮೇತ,
ಹಿತ್ತಲ ಬಾಗಿಲಲ್ಲಿ ಒಳಗೆ ಬಂತು.
ನಾಗವೇಣಿ ಪೆಡಲ್ ಮೇಲೆ ಕಾಲಿಟ್ಟು ಕೂತಳು.
ಹುಡುಗ ಕ್ಲಿಕ್ಕಿಸಿದ.
ಆಮೇಲೆ ನೋಡಿದರೆ ಫೋಟೊದ ಅಂಚಿನಲ್ಲಿ
ಚಂದ್ರಹಾಸನ ಅರ್ಧ ಭುಜ ಬಿದ್ದಿದೆ,
ಮಿಷನ್ನು ಅಲುಗದ ಹಾಗೆ ಹಿಡಿದ ಒಂದು ಕೈ,
ಉಗುರಲ್ಲಿ ನೀಲಿ ಬಣ್ಣ.
ಕೈ ನಡುಗುತ್ತಿತ್ತೋ ಇಲ್ಲವೋ,
ಫೋಟೊದಲ್ಲಿ ತಿಳಿಯುವುದಿಲ್ಲ.

ನಡುವೆ ಒಂದು ಸಲ ಕುಡಿದ.
ದೀಪಾವಳಿಯ ಮಾರನೇ ದಿನ, ಗೋಡೆ ಹಿಡಿದುಕೊಂಡು ಬಂದ.
ಅದನ್ನೂ ಹೇಳಲೇಬೇಕು,
ಪುಸ್ತಕ ಬರೆಯುವವಳು ನಾನು.
ಮತ್ತೆ ಹತ್ತು ದಿನ ಅಲ್ಲೇ ಇದ್ದು ಬಂದ,
ಅದಕ್ಕೆ ಅವಳ ಕಿವಿಯೋಲೆ ಹೋಯಿತು,
ಅದು ಯಾವ ಕಾಲಂನಲ್ಲೂ ಇಲ್ಲ.

ಆ ತಿಂಗಳ ಕಂತನ್ನೂ ತಂದಳು.
ಒಂಬೈನೂರ ಎಂಬತ್ತು.
ಬರಿಗಿವಿಯಲ್ಲಿ ಕಡ್ಡಿ ಸಿಕ್ಕಿಸಿಕೊಂಡಿದ್ದಳು.
ರಸೀದಿ ಹರಿದು ಕೊಟ್ಟೆ,
ಚಿಲ್ಲರೆ ಇಪ್ಪತ್ತು ವಾಪಸು ಕೊಟ್ಟೆ.