ಬಟವಾಡೆ

ಇಪ್ಪತ್ತಾರು ವರ್ಷ ಬಾಗಲಕೋಟ್ಯಾಗ ಟಪಾಲ ಹಂಚೇನಿ.
ಅದರಾಗ ಹದಿನಾಲ್ಕು, ಈಗ ನೀರ ಕೆಳಗಿರೋ ಓಣ್ಯಾಗ;
ಉಳಿದದ್ದು ನವನಗರದ ಸೆಕ್ಟರಿನ್ಯಾಗ.
ಸೆಕ್ಟರಿಗೆ ನಂಬರ ಐತಿ, ವಾಸನಿ ಇಲ್ಲ.
ಹಳೇ ಓಣಿ ಹಂಗಲ್ಲ:
ನೂಲಿನ ಬಣ್ಣ ಕುದಿಯೋ ವಾಸನಿಗೆ ಎಡಕ್ಕ ಹೊಳ್ಳಬೇಕು,
ಸುಣ್ಣದ ಭಟ್ಟಿ ಮೂಗಿಗೆ ಬಡಿದ್ರ ಬಲಕ್ಕ.

ಹೋದ ಚಳಿಗಾಲ ತಲಿ ತಿರುಗಿ ಬಿದ್ದಾಗ
ಡಾಕ್ಟರು ಸ್ಕ್ಯಾನಿನ ಹಾಳಿ ಬೆಳಕಿಗೆ ಹಿಡಿದು
ಕಿವಿಯ ಒಳಮಗ್ಗಲ ಒಂದು ಡೊಂಕು ಗೆರಿ ತೋರಿಸಿದ್ರು.
‘ಕಡಲಕುದುರೆ ಆಕಾರದ್ದು ನೋಡ್ರಿ.
ದಾರಿ, ಮನೆ, ಮುಖ, ಹೊಸದು ಏನೇ ಬಂದ್ರೂ ಮೊದಲು ಇಲ್ಲಿ.
ನೀವು ಮಲಗಿದ ಮೇಲೆ
ಇಲ್ಲಿಂದ ಮೇಲಿನ ಪದರಕ್ಕೆ ಸಾಗತೈತಿ.’
ಕಡಲು ಕಾಣದವನ ತಲ್ಯಾಗ ಕಡಲಕುದುರಿ!
ನಗು ಬಂತು. ಕೆಲಸ ಮಾತ್ರ ತಿಳೀತು:
ಸಂಜೀಕ ಚೀಲ ಸುರುವೋದು,
ರಾತ್ರಿಯೆಲ್ಲಾ ಗೂಡಿಗೆ ಗೂಡು ತುಂಬೋದು,
ಬೆಳಗಾಗೂದರಾಗ ಮೇಜು ಖಾಲಿ.
‘ಮತ್ತ ಮರಿಯೋದು?’
‘ಅದೂ ಕೆಲಸಾನೇ. ಎಲ್ಲಾ ಇಟ್ಟುಕೊಂಡ್ರೆ
ನಾಳಿನ ಚೀಲ ಎಲ್ಲಿ ಸುರೀತೀರಿ?’
ಹೊರಗ ಇನ್ನ ಹನ್ನೆರಡು ಮಂದಿ ಕುಂತಿದ್ರು. ಎದ್ದು ಬಂದೆ.

ಕೆಲವು ಕಾಗದ ಖರೇನ ಹರಿದು ಹೋಗ್ತಾವ.
ಕೆಲವು ಗೂಡಿನ್ಯಾಗ ಇರ್ತಾವ,
ವಿಳಾಸದ ಮಸಿ ಅಷ್ಟ ಅಳಿಸಿರತೈತಿ.

ಹಜರತಬಿ ಪಿಂಜಾರ ಪಿಂಚಣಿಗೆ ಬಂದಾಕಿ
ಹೆಬ್ಬಟ್ಟಿನ ಶಾಯಿ ಸೆರಗಿಗೆ ಒರಸಿಕೋತ ಕೇಳಿದ್ಲು:
‘ಟಪಾಲಣ್ಣಾ, ನಮ್ಮ ಹಳೇ ಮನಿ ಬಾಗಿಲ ಯಾವ ಕಡೆ ಇತ್ತೋ?
ಕನಸಿನ್ಯಾಗ ಹೋಗ್ತೀನಿ, ಗೋಡಿ ಸುತ್ತ ತಿರುಗ್ತೀನಿ,
ಬಾಗಿಲಾ ಸಿಗವಲ್ದು.’
‘ಉತ್ತರಕ್ಕ. ಎಡಕ್ಕೊಂದು ಬೇವಿನ ಗಿಡ.’
‘ಬೇವು? ನಮ್ಮ ಓಣ್ಯಾಗ ಬೇವು ಎಲ್ಲಿತ್ತು?’

ಕಣ್ಣು ಮುಚ್ಚಿದ್ರ ಗಿಡ ಕಾಣತಿತ್ತು,
ಅದರ ಬುಡಕ್ಕ ಆನಿಸಿದ ನನ್ನ ಸೈಕಲ್ ಸುದ್ದಾ.
ಯಾವ ಓಣಿ ಬೇವು ಕಿತ್ತು ತಂದು ಅಲ್ಲಿ ಹಚ್ಚಿದ್ನೋ.
ಎಷ್ಟು ಸಲ ಹೇಳೇನಿ ಆ ಊರ ಕತಿ,
ಚಾದಂಗಡ್ಯಾಗ, ಮದವಿ ಊಟದ ಪಂಗತ್ಯಾಗ!
ಪ್ರತಿ ಸಲ ಲಕೋಟಿ ಒಡೀತೀನಿ, ಓದ್ತೀನಿ,
ಒಂದು ಸಾಲು ನಂದೂ ಸೇರಿಸಿ
ನಾಲಿಗಿ ಹಚ್ಚಿ ಮತ್ತ ಅಂಟಸ್ತೀನಿ.
ಒಮ್ಮೆಯೂ ಒಡೀದ ಕಾಗದ ಖರೇ ಇರಬೇಕು.
ಅದರೊಳಗ ಏನೈತೋ, ಯಾರಿಗೆ ಗೊತ್ತು.

ಮೇ ತಿಂಗಳ ಹಿನ್ನೀರು ಇಳೀತು.
ಹಜರತಬಿಯ ಮೊಮ್ಮಗ ನಮ್ಮಿಬ್ಬರನೂ ದಂಡಿಗೆ ಬಿಟ್ಟು
ಗಾಡಿ ತಿರುಗಿಸಿಕೊಂಡು ಹೋದ.
ಬಿರಕು ಬಿಟ್ಟ ಕೆಸರು, ಬಸವನಹುಳದ ಚಿಪ್ಪು,
ಹರಿದ ಬಲಿ, ಅರ್ಧ ಹೂತ ಬೀಸೋಕಲ್ಲು.
ಬೇವಿನ ಬೊಡ್ಡಿ ಇಲ್ಲ. ಬಾಗಿಲಿಲ್ಲ,
ಬಾಗಿಲ ಇರಾಕ ಗೋಡಿನೂ ಇಲ್ಲ.
‘ಇದ ಏನೋ ನಮ್ಮ ಓಣಿ?’
ನನ್ನ ತಲಿ ಏನೂ ಹೇಳಲಿಲ್ಲ.

ಸುಮ್ಮನ ನಡದೆ.
ಇಲ್ಲದ ಚೀಲದ ಭಾರಕ್ಕ ಎಡ ಹೆಗಲು ಇಳೀತು,
ಇಲ್ಲದ ಕಾಗದ ಹೆಬ್ಬಟ್ಟು ಸರಿಸಾಕತ್ತು,
ಒಂದು ಮನಿ, ಎರಡು ಮನಿ, ನಾಕು.
ಆಮ್ಯಾಲ ನಾನು ಹೇಳದನ ನನ್ನ ಮೈ ಹೊಳ್ಳಿ
ಬಲಗಾಲು ಒಂದು ಗೇಣು ಮ್ಯಾಲ ಎದ್ದು
ಬಯಲ ಕೆಸರಿಗೆ ಧಪ್ಪಂತ ಬಿತ್ತು.
ಮುಗ್ಗರಿಸಿದೆ.

ಹಜರತಬಿ ಅಲ್ಲೇ ಕುಂತ್ಲು.
‘ಮೂರು ಮೆಟ್ಟಿಲಿದ್ದೂವಲ್ಲೋ,’ ಅಂದ್ಲು,
ಕೈಲೆ ನೆಲ ಸವರಿಕೋತ.

ನಾನು ನಿಂತ ದಿಕ್ಕು ನೋಡಿಕೊಂಡೆ.
ನೆರಳು ನನ್ನ ಮುಂದ ಬಿದ್ದಿತ್ತು; ಹೊತ್ತು ಇನ್ನ ಏರಿರಲಿಲ್ಲ.
ಬೆನ್ನಿಗೆ ಬಿಸಲು. ಅಂದ್ರ ಬಾಗಿಲು ಮೂಡಲಕ್ಕ.
ಉತ್ತರಕ್ಕ ಅಂತ ಆಣಿ ಮಾಡ್ತಿದ್ದೆ ನಾನು.

ಕಾಲನ್ನ ಯಾರೂ ಕೇಳಿರಲಿಲ್ಲ.